ಬಾಗಿಲು ಹಾಕಿ ಹೇಳಿದ ಮಾತು

ಸೋಮವಾರ ಬೆಳಿಗ್ಗೆ ಏಳು ಗಂಟೆಗೆಲ್ಲ ಲ್ಯಾಬಿನ ಮುಂದಿನ ಬೆಂಚು ತುಂಬಿಹೋಗಿತ್ತು. ಶ್ರೀನಿವಾಸಪುರದಲ್ಲಿ ವಾರದ ಮೊದಲ ದಿನ ಯಾವಾಗಲೂ ಹೀಗೇ. ಭಾನುವಾರ ಬಾಡೂಟ ಉಂಡು ಹೆದರಿದವರೆಲ್ಲ ಸೋಮವಾರ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆಗೆ ಬಂದು ಕೂರುತ್ತಾರೆ. ಮುನಿಲಕ್ಷ್ಮಿ ಗಂಗುಲಪ್ಪನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತಿದ್ದಳು. ಗಂಗುಲಪ್ಪ ಗೌನಿಪಲ್ಲಿ ಕಡೆಯ ಮಾವಿನ ತೋಟದವನು. ಎಪ್ಪತ್ತರ ಹತ್ತಿರ ಬಂದಿದ್ದರೂ ಸೂಜಿ ಕಂಡರೆ ಮುಖ ತಿರುಗಿಸುತ್ತಿದ್ದ.

"ಈ ಸಲ ಹಣ್ಣು ಮುಟ್ಟಿಲ್ಲಮ್ಮ. ಬೇಕಾದ್ರೆ ರಕ್ತಾನೇ ಕೇಳ್ಕೋ," ಎಂದ.

"ಕೇಳೋಣ ತಾತ. ಮುಷ್ಟಿ ಬಿಗಿ ಹಿಡ್ಕೊಳ್ಳಿ."

ಮೇಜಿನ ಮೇಲಿದ್ದ ಅವಳ ಫೋನು ಎರಡು ಸಲ ಅದುರಿತು. ರಕ್ತ ತೆಗೆದು, ಹತ್ತಿ ಒತ್ತಿ, ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸಿದ ಮೇಲೆಯೇ ಅವಳು ಫೋನು ನೋಡಿದ್ದು. ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್ ಬಂದಿತ್ತು. ತೆರೆದರೆ ಅವಳದೇ ಲ್ಯಾಬಿನ ರಿಪೋರ್ಟು. ಮೇಲೆ ಲ್ಯಾಬಿನ ಹೆಸರು, ಕೆಳಗೆ ಅವಳ ಸಹಿ. ನಡುವೆ ಆಂಜಿನಮ್ಮ ಎಂಬ ಹೆಸರು, ವಯಸ್ಸು, ಊರು, ಫೋನ್ ನಂಬರು. ಎಚ್‌ಐವಿ ಪರೀಕ್ಷೆ. ಫಲಿತಾಂಶದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಪಾಸಿಟಿವ್ ಎಂದಿತ್ತು.

ಅದರ ಕೆಳಗೆ ಯಂತ್ರಕ್ಕೆ ಕೊಟ್ಟು ಬರೆಸಿದಂಥ ಕನ್ನಡ: "ನಿಮ್ಮ ಎಲ್ಲಾ ರೋಗಿ ನಮ್ಮ ಬಳಿ ಇದೆ. ಎಚ್‌ಐವಿ ಪಾಸಿಟಿವ್ ಎಂದು ಹುಡುಕಿದೆವು ಹನ್ನೊಂದು ಜನ ಸಿಕ್ಕಿತು. ಗುರುವಾರ ಸಂಜೆ ಒಳಗೆ ಹಣ. ಇಲ್ಲದಿದ್ದರೆ ಅವರ ಊರಿನ ಗ್ರೂಪ್‌ಗೆ ಹಾಕಲಾಗುವುದು. ಪೊಲೀಸ್ ಬೇಡ."

"ಏನಮ್ಮಾ, ನನ್ನ ರಕ್ತ ತೆಗ್ದು ನೀನ್ಯಾಕೆ ಬೆವೀತಾ ಇದೀಯ?" ಗಂಗುಲಪ್ಪ ಕೇಳಿದ.

"ಸೆಕೆ ತಾತ," ಎಂದಳು. ಫ್ಯಾನು ತಲೆಯ ಮೇಲೆಯೇ ಜೋರಾಗಿ ತಿರುಗುತ್ತಿತ್ತು.

ಬೆಂಚಿನ ಮೇಲೆ ಇನ್ನೂ ಹದಿನಾಲ್ಕು ಜನ ಇದ್ದರು. ಅವರ ರಕ್ತವನ್ನು ಅವಳು ಹೇಗೆ ತೆಗೆದಳೋ, ಯಾರಿಗೆ ಏನು ಹೇಳಿದಳೋ ಆಮೇಲೆ ನೆನಪಾಗಲಿಲ್ಲ. ಹದಿಮೂರು ವರ್ಷ ಬೇರೆಯವರ ಕೈಕೆಳಗೆ ದುಡಿದು, ಆರು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸ್ವಂತ ಲ್ಯಾಬು ಹಾಕಿದವಳು ಮುನಿಲಕ್ಷ್ಮಿ. ಸುತ್ತಲಿನ ಹಳ್ಳಿಗಳವರು ಅವಳನ್ನು 'ಲ್ಯಾಬಕ್ಕ' ಎಂದೇ ಕರೆಯುತ್ತಿದ್ದರು. ಕೈ ಹಗುರ, ಬಾಯಿ ಭದ್ರ ಅನ್ನುವುದು ಅವಳಿಗಿದ್ದ ಹೆಸರು.

ಆ ಭದ್ರ ಬಾಯಿಯನ್ನು ನಂಬಿ ಬಂದವಳೇ ಆಂಜಿನಮ್ಮ. ಗೌನಿಪಲ್ಲಿಯಿಂದ ಒಳಗೆ ಎರಡು ಮೈಲಿ ದೂರದ ಹಳ್ಳಿಯ ಶಾಲೆಯಲ್ಲಿ ಅವಳು ಬಿಸಿಯೂಟದ ಅಡುಗೆಯವಳು. ಗಂಡ ಕಾಯಿಲೆ ಬಿದ್ದು ತೀರಿಹೋದ ಮೇಲೆ, ಎರಡು ವರ್ಷದ ಹಿಂದೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದು ಪರೀಕ್ಷೆ ಮಾಡಿಸಿಕೊಂಡಿದ್ದಳು. ಫಲಿತಾಂಶ ಬಂದ ದಿನ ಮುನಿಲಕ್ಷ್ಮಿ ಎಲ್ಲರನ್ನೂ ಕಳಿಸಿ, ಬಾಗಿಲು ಹಾಕಿ, ಪಕ್ಕದಲ್ಲಿ ಕೂತು ವಿಷಯ ಹೇಳಿದ್ದಳು. ಕೋಲಾರದ ಆಸ್ಪತ್ರೆಯಲ್ಲಿ ಮಾತ್ರೆ ಕೊಡುತ್ತಾರೆ, ತಪ್ಪದೆ ನುಂಗಿದರೆ ಎಲ್ಲರ ಹಾಗೆ ಬದುಕಬಹುದು ಎಂದು ಧೈರ್ಯ ತುಂಬಿದ್ದಳು. ಅಂದಿನಿಂದ ಆಂಜಿನಮ್ಮ, ತಂಗಿಯ ಮನೆಗೆ ಹೋಗುತ್ತೇನೆ ಎಂದು ಊರಲ್ಲಿ ಹೇಳಿ ಬಸ್ಸು ಹತ್ತುತ್ತಿದ್ದಳು. ಮಗಳು ಪಿಯುಸಿ ಓದುತ್ತಿದ್ದಳು. ಮಗಳಿಗೂ ವಿಷಯ ಗೊತ್ತಿರಲಿಲ್ಲ. ಮುನಿಲಕ್ಷ್ಮಿ ತನ್ನ ಗಂಡನಿಗೂ ಹೇಳಿರಲಿಲ್ಲ.

ಈಗ ಅದು ಯಾರ ಕೈಯಲ್ಲಿದೆಯೋ. ಎಲ್ಲೋ ಕೂತ ಯಾವನೋ ಒಬ್ಬ 'ಎಚ್‌ಐವಿ ಪಾಸಿಟಿವ್' ಅಂತ ಒತ್ತಿ ಹುಡುಕಿದ್ದ. ಹನ್ನೊಂದು ಮನೆಗಳ ಬಾಗಿಲು ಒಂದೇ ಏಟಿಗೆ ತೆರೆದುಕೊಂಡಿದ್ದವು.

ಅವಳು ಫೋನು ಮಾಡಿ ಕರೆದದ್ದಕ್ಕೆ ಹತ್ತು ಗಂಟೆಗೆ ವೆಂಕಟ್ ಬಂದ. ಅವನದು ಮುಖ್ಯ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ. ಮುನಿಲಕ್ಷ್ಮಿಯ ಲ್ಯಾಬಿಗೆ ಕಂಪ್ಯೂಟರ್ ಕೂಡಿಸಿದವನೂ ಅವನೇ, ಪ್ರಿಂಟರ್ ಮುನಿಸಿಕೊಂಡರೆ ಓಡಿಬರುವವನೂ ಅವನೇ, ಸಿಸಿ ಕ್ಯಾಮೆರಾ ಹಾಕಿದವನೂ ಅವನೇ. ಒಮ್ಮೆ ರಿಪೋರ್ಟು ಛಾಪಿಸುವ ಹೊತ್ತಿಗೆ ಪ್ರಿಂಟರ್ ಕೈಕೊಟ್ಟಾಗ, ಮಗಳ ನಾಮಕರಣದ ಪಂಕ್ತಿಯಿಂದ ಎದ್ದು ಬಂದಿದ್ದ. ಅಂಥವನನ್ನು ಮರೆಯುವುದು ಹೇಗೆ?

ಹೋದ ವರ್ಷ ಮೇಘನ ಎಂಬ ಹುಡುಗಿ ಬಂದಾಗ ಅವಳಿಗೆ ಅಡ್ಡ ಬಂದದ್ದು ಈ ಋಣವೇ. ಮೇಘನ ಮಾಲೂರಿನವಳು. ಕೋಲಾರದಲ್ಲಿ ನಾಲ್ಕು ಜನ ಸೇರಿ ಸೈಬರ್ ಭದ್ರತೆಯ ಒಂದು ಸಣ್ಣ ಕಂಪನಿ ಮಾಡಿಕೊಂಡಿದ್ದರು. ಲ್ಯಾಬು, ನರ್ಸಿಂಗ್ ಹೋಮ್, ಸೊಸೈಟಿಗಳಿಗೆ ಹೋಗಿ, ಕಂಪ್ಯೂಟರಿಗೆ ಕಳ್ಳರು ನುಗ್ಗುವ ದಾರಿ ಎಲ್ಲೆಲ್ಲಿದೆ ಎಂದು ನೋಡಿ ಮುಚ್ಚಿಕೊಡುವುದು ಅವರ ಕೆಲಸ. ಅವಳು ಕೇಳಿದ ಪ್ರಶ್ನೆಗಳು ಮುನಿಲಕ್ಷ್ಮಿಗೆ ಆಗ ಅಧಿಕಪ್ರಸಂಗದಂತೆ ಕಂಡಿದ್ದವು. ನಿಮ್ಮ ರಿಪೋರ್ಟು ಯಾರ್ಯಾರು ತೆರೆಯಬಹುದು? ಕೆಲಸ ಬಿಟ್ಟು ಹೋದವರ ಪಾಸ್‌ವರ್ಡ್ ತೆಗೆದಿದ್ದೀರಾ? ಏನಾದರೂ ಹೋದರೆ ಹೋಯಿತು ಅಂತ ನಿಮಗೆ ಗೊತ್ತಾಗುವುದು ಹೇಗೆ? ಯಾವುದಕ್ಕೂ ಅವಳಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ್ದಕ್ಕೆ ಸಿಟ್ಟು ಬಂದಿತ್ತು. ವೆಂಕಟ್‌ನನ್ನು ಕೇಳಿದರೆ, "ಅದೆಲ್ಲ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಅಕ್ಕ. ಆಂಟಿವೈರಸ್ ಹಾಕಿದೀನಲ್ಲ, ಸಾಕು. ಭದ್ರತೆನೂ ನಾನೇ ನೋಡ್ಕೊಳ್ತೀನಿ," ಎಂದಿದ್ದ. ಒಂದೇ ಕೈಯಲ್ಲಿ ಎಲ್ಲ ಮುಗಿಯುವುದು ಯಾರಿಗೆ ಬೇಡ? ಮೇಘನಳ ಕಾರ್ಡು ಡ್ರಾಯರಿನ ತಳ ಸೇರಿತ್ತು.

ವೆಂಕಟ್ ಮೆಸೇಜು ಓದಿದ. ಅವನ ಮುಖ ನೋಡನೋಡುತ್ತಿದ್ದಂತೆ ಬಿಳಿಚಿಕೊಂಡಿತು. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನಲ್ಲಿ ಏನೇನೋ ತೆರೆದು ನೋಡಿದ.

"ಅಕ್ಕ, ಒಂದು ಕೆಲ್ಸ ಮಾಡ್ತೀನಿ. ಇದನ್ನ ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬಿಡ್ತೀನಿ. ಒಂದು ಗಂಟೆ ಸಾಕು. ನೀವು ಯಾರ್ಗೂ ಏನೂ ಹೇಳೋಕೆ ಹೋಗ್ಬೇಡಿ."

"ಅಳಿಸಿದ್ರೆ ಅವನ ಹತ್ರ ಇರೋದು ಹೋಗುತ್ತಾ?"

ವೆಂಕಟ್ ಪರದೆಯ ಕಡೆ ತಿರುಗಿದ. ಅವನ ಬೆರಳು ಆಗಲೇ ಕೀಬೋರ್ಡಿನ ಮೇಲಿತ್ತು. ಮುನಿಲಕ್ಷ್ಮಿ ತನಗೆ ತಿಳಿಯುವ ಮೊದಲೇ ಅವನ ಮಣಿಕಟ್ಟು ಹಿಡಿದುಕೊಂಡಳು. ಫಲಿತಾಂಶದ ಮೇಲೆ ಅನುಮಾನ ಬಂದರೆ ಸ್ಯಾಂಪಲ್ಲನ್ನು ಚೆಲ್ಲಬಾರದು, ಎತ್ತಿಡಬೇಕು ಎನ್ನುವುದು ಅವಳು ಕಲಿತ ಮೊದಲ ಪಾಠ.

"ಬೇಡ ವೆಂಕಟ್. ಹೀಗೇ ಇರ್ಲಿ. ಇಂಟರ್‌ನೆಟ್ ವೈರ್ ಮಾತ್ರ ಕಿತ್ತಿಡು."

ಮಧ್ಯಾಹ್ನ ಊಟಕ್ಕೆ ಬಂದ ಗಂಡ ಶ್ರೀಧರ್‌ನಿಗೆ ವಿಷಯ ಹೇಳಿದಳು, ಹೆಸರುಗಳನ್ನು ಬಿಟ್ಟು. ಅವನು ಸರ್ಕಾರಿ ಬಸ್ಸಿನ ಕಂಡಕ್ಟರ್, ದಿನಕ್ಕೆ ಸಾವಿರ ಜನರ ಮಾತು ಕೇಳುವವನು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನೋಡು, ಈ ಬಸ್ ಸ್ಟ್ಯಾಂಡಲ್ಲಿ ಒಂದು ಮಾತು ಎದ್ರೆ ಮುಳಬಾಗಿಲು ಮುಟ್ಟೋಕೆ ಅರ್ಧ ಗಂಟೆ ಸಾಕು. ಲ್ಯಾಬಿಂದ ರಿಪೋರ್ಟು ಹೊರಗೆ ಹೋಯ್ತು ಅಂದ್ರೆ ನಾಳೆಯಿಂದ ನಿನ್ನ ಬೆಂಚು ಖಾಲಿ. ಅವನು ಸುಮ್ನೆ ಹೆದರಿಸ್ತಿರಬಹುದು. ಸುಮ್ನಿದ್ದು ನೋಡೋಣ."

"ಹೆದರಿಸೋದಲ್ಲ ಅಂದ್ರೆ?"

"ಆಗ ನೋಡ್ಕೊಂಡ್ರಾಯ್ತು. ನಾವು ಬೇಕಂತ ಮಾಡಿದ್ದಲ್ವಲ್ಲ."

ಅವನ ಮಾತು ಅವಳಿಗೂ ಹಿತವಾಗಿಯೇ ಕೇಳಿತು. ಸುಮ್ಮನಿರುವುದಕ್ಕೆ ಒಂದು ಹೆಜ್ಜೆಯನ್ನೂ ಇಡಬೇಕಾಗಿಲ್ಲ. ಸಂಜೆಯತನಕ ಅವಳು ಹಾಗೇ ಇದ್ದಳು. ಆದರೆ ಫೋನು ಸದ್ದು ಮಾಡಿದಾಗಲೆಲ್ಲ ಬೆನ್ನ ಮೇಲೆ ಹಾವು ಹರಿದಂತಾಗುತ್ತಿತ್ತು. ರಿಪೋರ್ಟು ಟೈಪ್ ಮಾಡುವ ಅನಿತ, "ಅಕ್ಕ, ಇವತ್ತೆಲ್ಲ ಕೈಯಲ್ಲೇ ಬರೆಯೋದಾ?" ಎಂದು ಕೇಳಿದರೂ ಗದರಿಸಿದಂತೆ ಕೇಳಿಸಿತು.

ಮಂಗಳವಾರ ಬೆಳಿಗ್ಗೆ ಬೆಂಚಿನ ಮೇಲೆ ಇಬ್ಬರು ಗಂಡಸರು ಒಂದೇ ಫೋನಿಗೆ ತಲೆ ಬಗ್ಗಿಸಿ ನಗುತ್ತಿದ್ದರು. ಒಬ್ಬ ತೆಲುಗಿನಲ್ಲಿ, "ಚೂಡ್ರಾ ದೀನ್ನಿ," ಇದನ್ನ ನೋಡೋ, ಎಂದು ಇನ್ನೊಬ್ಬನ ತೊಡೆ ತಟ್ಟಿದ. ಮುನಿಲಕ್ಷ್ಮಿ ಕೈಯಲ್ಲಿದ್ದ ಸಿರಿಂಜು ಕೆಳಗಿಟ್ಟಳು. ಬಂದುಬಿಟ್ಟಿದೆ, ಗುರುವಾರದವರೆಗೂ ಅವನು ಕಾಯಲಿಲ್ಲ ಎಂದುಕೊಂಡಳು. ನೀರು ಕುಡಿಯುವ ನೆವದಲ್ಲಿ ಅವರ ಹಿಂದೆ ಹೋಗಿ ಇಣುಕಿದರೆ, ಯಾವುದೋ ಮದುವೆಯಲ್ಲಿ ಮೇಕೆಯೊಂದು ಪುರೋಹಿತರ ಶಲ್ಯ ಎಳೆಯುವ ವಿಡಿಯೋ.

ಒಳಗೆ ಬಂದು ಗೋಡೆಗೆ ಒರಗಿ ನಿಂತಳು. ತನಗೇ ಹೀಗಾದರೆ ಆ ಹನ್ನೊಂದು ಜನರ ಗತಿಯೇನು? ತಾನು ಹೆದರುತ್ತಿರುವುದು ಬೆಂಚು ಖಾಲಿಯಾದೀತೆಂದು. ಅವರು ಕಳೆದುಕೊಳ್ಳುವುದು ಊರಿಗೆ ಊರನ್ನೇ. ಹೀಗೊಂದು ಬರುತ್ತಿದೆ ಎಂದು ಹೆದರುವ ಹಕ್ಕೂ ಅವರಿಗೆ ಸಿಕ್ಕಿಲ್ಲ. ಅವಳು ಡ್ರಾಯರು ಎಳೆದು, ತಳದಲ್ಲಿ ಮುದುರಿದ್ದ ಕಾರ್ಡು ಹುಡುಕಿ ತೆಗೆದಳು.

ಮೇಘನ ಒಂದು ಗಂಟೆಯ ಬಸ್ಸಿಗೆ ಬಂದಳು. ನಾನು ಆಗಲೇ ಹೇಳಿರಲಿಲ್ಲವೇ ಎಂಬ ಮಾತನ್ನು ಅವಳು ಆಡಲಿಲ್ಲ. ಅದಕ್ಕೆ ಮುನಿಲಕ್ಷ್ಮಿ ಮನಸ್ಸಿನಲ್ಲೇ ಕೈಮುಗಿದಳು. ವೆಂಕಟ್‌ನನ್ನೂ ಕರೆಸಿದ್ದಳು. ಅವನು ಬಾಗಿಲ ಹತ್ತಿರ, ಗಿರಾಕಿಯಂತೆ ನಿಂತಿದ್ದ.

ಕಂಪ್ಯೂಟರನ್ನು ಅಳಿಸದೆ ಇಟ್ಟದ್ದು ಒಳ್ಳೆಯದಾಯಿತು ಎಂದಳು ಮೇಘನ. ಎರಡು ಗಂಟೆ ಕೂತು ನೋಡಿದ ಮೇಲೆ ಕುರ್ಚಿ ತಿರುಗಿಸಿದಳು.

"ವೆಂಕಟ್ ಅವ್ರೇ, ಅಂಗಡಿಯಲ್ಲೇ ಕೂತು ಗಿರಾಕಿಗಳ ಕಂಪ್ಯೂಟರ್ ಒಳಗೆ ಬಂದು ರಿಪೇರಿ ಮಾಡೋಕೆ ಒಂದು ಸಾಫ್ಟ್‌ವೇರ್ ಹಾಕಿದೀರಲ್ಲ. ಅದರ ಪಾಸ್‌ವರ್ಡ್ ಬೇರೆ ಕಡೆನೂ ಇದೇನಾ?"

"ಹೂಂ. ಬೇರೆ ಬೇರೆ ಇಟ್ರೆ ನೆನಪಿರಲ್ಲ."

"ಎಷ್ಟು ಕಡೆ ಹಾಕಿದೀರ?"

"ನಲವತ್ತು," ಎಂದ ವೆಂಕಟ್. ಆ ಸಂಖ್ಯೆ ಬಾಯಿಂದ ಹೊರಬಿದ್ದ ಮೇಲೆಯೇ ಅದರ ಅರ್ಥ ಅವನಿಗೆ ಹೊಳೆಯಿತೇನೋ, ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ.

"ಶನಿವಾರ ಯಾರೋ ಆ ದಾರಿಯಲ್ಲೇ ಬಂದಿದಾರೆ. ಒಳಗೆ ಬಂದ ಮೇಲೆ ಅವರನ್ನ ತಡೆಯೋರು ಯಾರೂ ಇರಲಿಲ್ಲ. ರಿಪೋರ್ಟುಗಳಿಗೆ ಬೇರೆ ಬೀಗ ಇಲ್ಲ. ಎಚ್‌ಐವಿ ರಿಪೋರ್ಟಲ್ಲೂ ಹೆಸರು, ಊರು, ನಂಬರು ಎಲ್ಲ ಬಿಡಿಸಿ ಬರ್ದಿದೆ," ಎಂದು ಮೇಘನ ಈ ಸಲ ಮುನಿಲಕ್ಷ್ಮಿಯ ಕಡೆ ನೋಡಿದಳು.

ಬೀಗ ಬೇಡವೆಂದವಳು ಮುನಿಲಕ್ಷ್ಮಿಯೇ. ಪ್ರತಿಸಲ ಪಾಸ್‌ವರ್ಡ್ ಒತ್ತುವುದು ತಡವಾಗುತ್ತದೆ ಎಂದು ಅನಿತ ಗೊಣಗಿದಾಗ, "ತೆಗೆಸಿಬಿಡೋಣ ಬಿಡು," ಎಂದಿದ್ದಳು. ಅದನ್ನು ಈಗ ಮುಚ್ಚಿಡದೆ ಹೇಳಿದಳು.

ವೆಂಕಟ್ ತಲೆ ಎತ್ತಿದ. "ಮೇಡಂ, ನಾನು ಮೋಸ ಮಾಡೋನಲ್ಲ. ಕರೆದಾಗ ಹೋಗ್ತೀನಿ. ಕೊಟ್ಟಷ್ಟು ಇಸ್ಕೊಳ್ತೀನಿ. ಇಲ್ಲಿನ ಅಂಗಡಿಯೋರು ಯಾರೂ ಭದ್ರತೆಗೆ ಅಂತ ಬೇರೆ ಖರ್ಚು ಮಾಡಲ್ಲ. ಪ್ರಿಂಟರ್ ಓಡ್ತಾ ಇದ್ರೆ ಅವರಿಗೆ ಸಾಕು. ನೀವು ವರ್ಷಕ್ಕೊಂದು ಸಲ ಬಂದು ತಪ್ಪು ಹುಡುಕಿ ಹೋಗ್ತೀರ. ದಿನಾ ಒದ್ದಾಡೋನು ನಾನು."

"ನಿಜ," ಎಂದಳು ಮೇಘನ. "ನೀವು ಮಾಡೋ ಕೆಲಸ ನನ್ನ ಕೈಲಾಗಲ್ಲ. ಪ್ರಿಂಟರ್ ಕೆಟ್ರೆ ನಾನು ಕೋಲಾರದಿಂದ ಬರೋಷ್ಟರಲ್ಲಿ ಇವರ ಗಿರಾಕಿಗಳು ಎದ್ದು ಹೋಗಿರ್ತಾರೆ. ಆದ್ರೆ ಕಂಪ್ಯೂಟರ್ ಓಡಿಸೋದೇ ಒಂದು ಕಸುಬು, ಕಳ್ಳ ಹೇಗೆ ಬರ್ತಾನೆ ಅಂತ ಯೋಚಿಸೋದೇ ಒಂದು ಕಸುಬು. ನನಗೆ ಬರಲ್ಲ ಅಂತ ನಾನು ಹೇಳ್ತಾ ಇದೀನಿ. ಆವತ್ತು ನೀವೂ ಅದನ್ನ ಹೇಳಬಹುದಿತ್ತು."

ಮುನಿಲಕ್ಷ್ಮಿ ಇಬ್ಬರ ಮಾತನ್ನೂ ಕೇಳುತ್ತಿದ್ದಳು. ಹೊರಗಿನ ದೊಡ್ಡ ಲ್ಯಾಬೊಂದರಿಂದ ಅವಳಿಗೆ ತಿಂಗಳಿಗೊಮ್ಮೆ ಒಂದು ಸ್ಯಾಂಪಲ್ ಬರುತ್ತಿತ್ತು. ಪರೀಕ್ಷೆ ಮಾಡಿ ಉತ್ತರ ಕಳಿಸಿದರೆ, ಸರಿಯೋ ತಪ್ಪೋ ಅವರು ಹೇಳುತ್ತಿದ್ದರು. ತನ್ನ ಕೆಲಸಕ್ಕೆ ತಾನೇ ಮಾರ್ಕು ಹಾಕಿಕೊಳ್ಳಬಾರದೆಂದು ಅವಳು ಎಂದೋ ಒಪ್ಪಿಕೊಂಡಿದ್ದಳು. ರಕ್ತದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವಳು ಹೆಸರುಗಳ ವಿಷಯದಲ್ಲಿ, ಎಲ್ಲವೂ ಒಬ್ಬನ ಕೈಯಲ್ಲೇ ಇರಲಿ, ಅನುಕೂಲ ಎಂದುಬಿಟ್ಟಿದ್ದಳು.

"ವೆಂಕಟ್, ನೀನು ಕೆಲಸ ಬಿಡಬೇಡ," ಎಂದಳು. "ಆದ್ರೆ ಇನ್ಮೇಲೆ ನಿನ್ನ ಕೆಲ್ಸ ಇವರು ನೋಡ್ತಾರೆ. ಇವರು ಹೇಳಿದ ಮೇಲೇ ಈ ಕಂಪ್ಯೂಟರ್ ಮತ್ತೆ ಆನ್ ಆಗೋದು. ಉಳಿದ ಮೂವತ್ತೊಂಬತ್ತು ಜನಕ್ಕೂ ನೀನು ಇವತ್ತೇ ಹೇಳ್ಬೇಕು."

"ಹೇಳಿದ್ರೆ ನನ್ನ ಅಂಗಡಿ..." ಎಂದು ಅವನು ಅರ್ಧಕ್ಕೆ ನಿಲ್ಲಿಸಿದ. ನಿನ್ನೆ ಮಧ್ಯಾಹ್ನದಿಂದ ತಾನೂ ಅದೇ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದೇನೆ ಎನ್ನಿಸಿತು ಮುನಿಲಕ್ಷ್ಮಿಗೆ.

"ಹೊರಗೆ ಹೋದದ್ದನ್ನ ವಾಪಸ್ ತರೋಕಾಗುತ್ತಾ?" ಎಂದು ಮೇಘನಳನ್ನು ಕೇಳಿದಳು.

"ಇಲ್ಲ ಮೇಡಂ. ದುಡ್ಡು ಕೊಟ್ರೂ ಅವನು ಅಳಿಸ್ತಾನೆ ಅನ್ನೋ ನಂಬಿಕೆ ಇಲ್ಲ. ಪೊಲೀಸ್ ಕಂಪ್ಲೇಂಟ್ ಕೊಡೋಣ, ನಾನೂ ಬರ್ತೀನಿ. ಆದ್ರೆ ಅದರ ಜೊತೆಗೇ ಆ ಹನ್ನೊಂದು ಜನಕ್ಕೆ ತಿಳಿಸ್ಬೇಕು. ಅವನ ಫೋನು ಅವರಿಗೇ ನೇರ ಹೋಗಬಹುದು."

ಬುಧವಾರ ಬೆಳಿಗ್ಗೆ ಕೋಲಾರದ ಸೈಬರ್ ಠಾಣೆಯಲ್ಲಿ ದೂರು ಬರೆದುಕೊಟ್ಟು, ಮುನಿಲಕ್ಷ್ಮಿ ಗೌನಿಪಲ್ಲಿಯ ಬಸ್ಸು ಹಿಡಿದಳು. ಅಲ್ಲಿಂದ ಆಂಜಿನಮ್ಮನ ಹಳ್ಳಿಗೆ ಆಟೋ. ಏನೆಂದು ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಆಟೋ ಇಳಿದ ಕೂಡಲೇ ಮರೆತುಹೋದವು.

ಶಾಲೆಯ ಹಿಂದಿನ ಅಡುಗೆಮನೆಯಲ್ಲಿ ಆಂಜಿನಮ್ಮ ದೊಡ್ಡ ಪಾತ್ರೆ ಉಜ್ಜುತ್ತಿದ್ದಳು. ಮಕ್ಕಳ ಊಟ ಮುಗಿದಿತ್ತು. ಮುನಿಲಕ್ಷ್ಮಿಯನ್ನು ಕಂಡು ಅವಳ ಕೈ ನಿಂತಿತು.

"ನೀವ್ಯಾಕೆ ಬಂದ್ರಿ ಅಕ್ಕ ಇಲ್ಲಿಗೆ? ಯಾರಾದ್ರೂ ನೋಡಿದ್ರೆ ಲ್ಯಾಬಕ್ಕ ಯಾಕೆ ಬಂದಿದ್ರು ಅಂತ ಕೇಳಲ್ವಾ?"

ಅದು ಮುನಿಲಕ್ಷ್ಮಿಗೆ ಹೊಳೆದೇ ಇರಲಿಲ್ಲ. ಒಳ್ಳೆಯದು ಮಾಡಲು ಬಂದೆ ಅಂದುಕೊಂಡ ಮನಸ್ಸು ಅಲ್ಲೇ ಕುಗ್ಗಿತು. ಬಾಗಿಲು ಅರ್ಧ ಮುಂದೆ ಮಾಡಿ, ಅಕ್ಕಿ ಮೂಟೆಯ ಪಕ್ಕ ಕೂತು, ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದಳು. ರಿಪೋರ್ಟು ಹೇಗೆ ಹೋಯಿತು, ಯಾರ ತಪ್ಪಿನಿಂದ ಹೋಯಿತು, ತನ್ನ ತಪ್ಪು ಅದರಲ್ಲಿ ಎಷ್ಟು, ನಾಳೆ ಸಂಜೆ ಏನಾಗಬಹುದು.

ಆಂಜಿನಮ್ಮ ಅಳಲಿಲ್ಲ. ಪಾತ್ರೆಯ ಕಂಠವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರ ಒಳಕ್ಕೇ ನೋಡುತ್ತಿದ್ದಳು.

"ನಾನು ಮಗಳಿಗೆ ಹೇಳಿಲ್ಲ," ಎಂದಳು ಕೊನೆಗೆ. "ನಮ್ಮಮ್ಮನಿಗೆ ಹೇಳಿಲ್ಲ. ನಿನಗೊಬ್ಳಿಗೇ ಗೊತ್ತಿದ್ದಿದ್ದು. ಬಾಗಿಲು ಹಾಕಿ ಹೇಳ್ದೆ ನೀನು ನಂಗೆ. ಆಮೇಲೆ ಅದನ್ನ ಆ ಡಬ್ಬದೊಳಗೆ ಬಾಗಿಲು ತೆಗ್ದು ಇಟ್ಟಿದ್ಯಾ?"

"ಇಟ್ಟಿದ್ದೆ," ಎಂದಳು ಮುನಿಲಕ್ಷ್ಮಿ.

"ಯಾವತ್ತು ಗೊತ್ತಾಯ್ತು?"

"ಸೋಮವಾರ."

"ಇವತ್ತು ಬುಧವಾರ."

"ಹೌದು. ಎರಡು ದಿನ ಹೆದರ್ಕೊಂಡು ಸುಮ್ನಿದ್ದೆ."

ಆ ಮಾತಿಗೆ ಆಂಜಿನಮ್ಮ ಮೊದಲ ಸಲ ಮುಖ ಎತ್ತಿ ನೋಡಿದಳು. ಹೊರಗೆ ಯಾವುದೋ ತರಗತಿಯವರು ಮಗ್ಗಿ ಹೇಳುತ್ತಿದ್ದರು.

"ನೀನು ಬಂದು ಹೇಳ್ದೆ ಇದ್ದಿದ್ರೆ," ಎಂದಳು ನಿಧಾನಕ್ಕೆ, "ನಾಳಿದ್ದು ನಾನು ಏನೂ ಗೊತ್ತಿಲ್ದೆ ಸೌಟು ಹಿಡ್ಕೊಂಡು ನಿಂತಿರ್ತಿದ್ದೆ. ಮಕ್ಕಳು ತಟ್ಟೆ ಮುಂದೆ ಮಾಡ್ದೆ ಹಿಂದೆ ಸರಿದಿರ್ತಿದ್ವು. ಯಾಕೆ ಅಂತಾನೂ ಗೊತ್ತಾಗ್ತಿರಲಿಲ್ಲ."

ಅವಳು ಎದ್ದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡಳು. ಅಡುಗೆಮನೆಯಲ್ಲಿ ಎರಡು ಸಲ ಆ ಕಡೆಯಿಂದ ಈ ಕಡೆಗೆ ನಡೆದಳು. ಮುನಿಲಕ್ಷ್ಮಿ ಕಾದಳು. ಬೇರೇನು ಮಾಡುವ ಅಧಿಕಾರವೂ ತನಗಿಲ್ಲ ಅನ್ನಿಸಿತು.

"ಸ್ಕೂಲಿನ ಮೇಡಮ್ಮೋರಿಗೆ ನಾನೇ ಹೇಳ್ತೀನಿ. ಗೊತ್ತಾಗೋದೇ ಆದ್ರೆ ನನ್ನ ಬಾಯಿಂದ್ಲೇ ಗೊತ್ತಾಗ್ಲಿ. ನಂಗೆ ಕಾಯಿಲೆ ಹೆಸರು ಹೇಳೋಕೆ ಬರುತ್ತೆ, ಅದು ಹೇಗೆ ಹರಡಲ್ಲ ಅಂತ ಬಿಡಿಸಿ ಹೇಳೋಕೆ ಬರಲ್ಲ. ಅಷ್ಟು ನೀವು ಹೇಳಿ."

ಮುಖ್ಯೋಪಾಧ್ಯಾಯಿನಿ ಶಾಮಲಮ್ಮ ನಿವೃತ್ತಿಗೆ ಎರಡು ವರ್ಷ ಇದ್ದ ಹೆಂಗಸು. ಹಾಜರಿ ಪುಸ್ತಕ ಮುಚ್ಚಿಟ್ಟು ಕೇಳಿದರು. ಕೇಳುತ್ತ ಕೇಳುತ್ತ ಅವರ ಕುರ್ಚಿ ತುಸು ಹಿಂದಕ್ಕೆ ಸರಿಯಿತು. ಅದನ್ನು ಮೂವರೂ ಗಮನಿಸಿದರು.

"ತರಕಾರಿ ಹೆಚ್ಚುವಾಗ ಕೈ ಕುಯ್ದುಕೊಂಡ್ರೆ?" ಎಂದು ಕೇಳಿದರು.

"ಬೇಯಿಸಿದ ಊಟದಿಂದ ಇದು ಬರಲ್ಲ ಮೇಡಂ," ಎಂದಳು ಮುನಿಲಕ್ಷ್ಮಿ. "ಮುಟ್ಟಿದ್ರೆ, ಒಟ್ಟಿಗೆ ಉಂಡ್ರೆ, ಬಡಿಸಿದ್ರೆ ಬರಲ್ಲ. ಕೈ ಕುಯ್ದ್ರೆ ಯಾರೇ ಆದ್ರೂ ಗಾಯ ತೊಳ್ದು ಬಟ್ಟೆ ಕಟ್ಕೊಂಡೇ ಅಡುಗೆ ಮಾಡ್ಬೇಕು, ಅಷ್ಟೇ. ಇವಳು ಎರಡು ವರ್ಷದಿಂದ ಮಾತ್ರೆ ತಪ್ಪಿಸಿಲ್ಲ. ಹತ್ತೊಂಬತ್ತು ವರ್ಷದಿಂದ ನಾನು ರಕ್ತದ ಜೊತೆಗೇ ಕೆಲ್ಸ ಮಾಡ್ತಿದೀನಿ. ಇವಳ ಕೈ ಊಟ ನನಗೆ ಈಗ ಕೊಟ್ರೂ ಉಣ್ತೀನಿ."

ಶಾಮಲಮ್ಮ ಕಿಟಕಿಯಾಚೆ ನೋಡಿದರು. ಅವರಿಗೂ ಭಯವಿತ್ತು. ಊರಿನವರು ಗೇಟಿನ ಮುಂದೆ ಬಂದು ನಿಂತರೆ ಎದುರಿಸಬೇಕಾದವರು ಅವರೇ. ಕಡೆಗೆ ಆಂಜಿನಮ್ಮನ ಕಡೆ ತಿರುಗಿದರು.

"ನಾಳೆ ಎಷ್ಟು ಗಂಟೆಗೆ ಬರ್ತೀಯ?"

"ದಿನಾ ಬರೋ ಹೊತ್ತಿಗೇ ಮೇಡಮ್ಮೋರೇ."

"ಸರಿ, ಬಾ. ಯಾರಾದ್ರೂ ಫೋನ್ ಹಿಡ್ಕೊಂಡು ಕೇಳೋಕೆ ಬಂದ್ರೆ ನನ್ನ ಹತ್ರ ಕಳ್ಸು," ಎಂದು ಹಾಜರಿ ಪುಸ್ತಕ ಮತ್ತೆ ತೆರೆದರು.

ಅಂದು ಸಂಜೆ ಮತ್ತು ಗುರುವಾರ ಮಧ್ಯಾಹ್ನ ಮುನಿಲಕ್ಷ್ಮಿ ಲ್ಯಾಬಿನ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಮೇಘನ ತೆಗೆದುಕೊಟ್ಟ ಪಟ್ಟಿ ಹಿಡಿದು ಉಳಿದ ಒಬ್ಬೊಬ್ಬರಿಗೂ ಫೋನು ಮಾಡಿದಳು. ಯಾರ ಮನೆಗೂ ಹೋಗಲಿಲ್ಲ. ಮೊದಲು, "ಪಕ್ಕದಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳುತ್ತಿದ್ದಳು. ಆಮೇಲೆ ವಿಷಯ. ಒಬ್ಬ ಬೈದು ಫೋನಿಟ್ಟ. ಒಬ್ಬಳು ಅತ್ತು ಅತ್ತು ಬಿಕ್ಕಳಿಸಿದಳು. ಇನ್ನೊಬ್ಬ, ನಿಮ್ಮ ಮೇಲೆ ಕೇಸು ಹಾಕುತ್ತೇನೆ ಎಂದ. "ಹಾಕಿ, ಅದು ನಿಮ್ಮ ಹಕ್ಕು. ಪೊಲೀಸರಿಗೆ ಕೊಟ್ಟ ದೂರಿನ ನಂಬರು ಬರ್ಕೊಳ್ಳಿ," ಎಂದಳು. ಶ್ರೀಧರ್ ಹೊಸ್ತಿಲಲ್ಲಿ ನಿಂತು ಒಂದು ಕರೆ ಪೂರ್ತಿ ಕೇಳಿದ. ಏನೂ ಹೇಳದೆ ಒಂದು ಲೋಟ ನೀರು ತಂದು ಅವಳ ಮುಂದಿಟ್ಟು ಡ್ಯೂಟಿಗೆ ಹೋದ.

ಹಣ ಕೊಡದೆಯೇ ಗುರುವಾರದ ಸಂಜೆ ಕಳೆಯಿತು; ಎಲ್ಲೂ ಏನೂ ಬಂದ ಸುದ್ದಿ ಇರಲಿಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ ಆಂಜಿನಮ್ಮನ ಫೋನು ಬಂತು. ಪರದೆಯ ಮೇಲೆ ಆ ಹೆಸರು ಕಂಡು ಮುನಿಲಕ್ಷ್ಮಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಅವನು ಫೋನು ಮಾಡಿದ್ದ ಅಕ್ಕ," ಎಂದಳು ಆಂಜಿನಮ್ಮ. ಹಿಂದೆ ಪಾತ್ರೆಗಳ ಸದ್ದು. "ಈಗ ತಾನೆ. ಯಾವುದೋ ಭಾಷೆ ಬೆರೆಸಿ ಮಾತಾಡಿದ. ನಿನ್ನ ರಿಪೋರ್ಟು ನನ್ನ ಹತ್ರ ಐತೆ, ನಿನ್ನ ಸ್ಕೂಲಿಗೆ ಕಳಿಸ್ಲಾ ಅಂದ."

"ನೀನೇನಂದೆ?"

"ಮೇಡಮ್ಮೋರು ಅನ್ನ ರುಚಿ ನೋಡೋಕೆ ಬಂದು ಇಲ್ಲೇ ನಿಂತಿದ್ರು. ಸ್ಕೂಲಿನೋರು ಇಲ್ಲೇ ಇದಾರೆ, ಅವರ ಹತ್ರಾನೇ ಮಾತಾಡು ಅಂತ ಫೋನು ಅವರ ಕೈಗೆ ಕೊಟ್ಟೆ."

"ಆಮೇಲೆ?"

"ಮೇಡಮ್ಮೋರು, ಹೇಳಪ್ಪ ಅಂದ್ರು. ಅವನು ಇಟ್ಬಿಟ್ಟ." ಆಂಜಿನಮ್ಮ ಪಾತ್ರೆಯ ಮುಚ್ಚಳ ಎತ್ತಿಟ್ಟ ಸದ್ದು ಕೇಳಿತು. "ಭಯ ಹೋಗಿಲ್ಲ ಅಕ್ಕ. ಊರಲ್ಲಿ ನಾಳೆ ಏನೋ ಗೊತ್ತಿಲ್ಲ. ಇವತ್ತು ಮಗಳಿಗೆ ಹೇಳ್ತೀನಿ. ಅನ್ನ ಇಳಿಸ್ಬೇಕು, ಇಡ್ತೀನಿ."

ಮುನಿಲಕ್ಷ್ಮಿ ಅವನು ಮಾಡಿದ ನಂಬರನ್ನು ಅವಳಿಂದ ತರಿಸಿಕೊಂಡು ಪೊಲೀಸರಿಗೆ ಕಳಿಸಿದಳು. ಮುಂದಿನ ಕೋಣೆಯಲ್ಲಿ ಮೇಘನ ತೋರಿಸಿದ ಹಾಗೆ ವೆಂಕಟ್ ಕಂಪ್ಯೂಟರಿನ ರಿಪೋರ್ಟುಗಳಿಗೆ ಒಂದೊಂದಾಗಿ ಬೀಗ ಹಾಕುತ್ತಿದ್ದ. ನಲವತ್ತರಲ್ಲಿ ಆರು ಅಂಗಡಿಯವರು ಅವನನ್ನು ಬಿಟ್ಟಿದ್ದರು. ಇಬ್ಬರು ಮೇಘನಳ ನಂಬರು ಕೇಳಿ ಪಡೆದಿದ್ದರು.

ಹನ್ನೊಂದು ಹೆಸರುಗಳ ಪಟ್ಟಿಯಲ್ಲಿ ಹತ್ತಕ್ಕೆ ಗೆರೆ ಬಿದ್ದಿತ್ತು. ಕೊನೆಯದು ಮುಳಬಾಗಿಲು ಕಡೆಯ ಒಬ್ಬ ಹೆಂಗಸು. ಎರಡು ದಿನದಿಂದ ಫೋನು ಸ್ವಿಚ್ ಆಫ್. ನಂಬರು ಬದಲಾಗಿರಬಹುದು, ಊರು ಬಿಟ್ಟಿರಬಹುದು. ಬಿಟ್ಟುಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

"ಅನಿತ, ಬಂದೋರಿಗೆ ನಾಳೆ ಬರೋಕೆ ಹೇಳು," ಎಂದಳು ಮುನಿಲಕ್ಷ್ಮಿ. ಬಿಳಿ ಕೋಟು ಕಳಚಿ ಮೊಳೆಗೆ ತೂಗುಹಾಕಿ, ತಲೆಯ ಮೇಲೆ ಸೆರಗು ಹೊದ್ದು, ಮುಳಬಾಗಿಲಿಗೆ ಹೋಗಿ ಮೊದಲು ಯಾರನ್ನು ಏನೆಂದು ಕೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು ಯೋಚಿಸುತ್ತ ಬಸ್ ಸ್ಟ್ಯಾಂಡಿನ ಕಡೆ ನಡೆದಳು.